ಹಂಪಿಯ ಗುಂಡುಗಳನ್ನು ಯಾರೂ ಪೇರಿಸಿಟ್ಟಿಲ್ಲ

(ವಿಜ್ಞಾನಾಸಕ್ತರ ಬಳಗವೊಂದರಲ್ಲಿ ಸಂಜೆ ಕೊಟ್ಟ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಹಂಪಿ ನೋಡದವರು ಈ ಸಭೆಯಲ್ಲಿ ಯಾರೂ ಇರಲಿಕ್ಕಿಲ್ಲ. ಮಾತಂಗ ಬೆಟ್ಟ ಹತ್ತಿ ನಿಂತರೆ ಸುತ್ತಲೂ ಗುಂಡುಗಳೇ. ಒಂದರ ಮೇಲೊಂದು, ಅದರ ಮೇಲಿನ್ನೊಂದು. ಕೆಲವಂತೂ ಈಗ ಬೀಳ್ತವೋ ಇನ್ನೊಂದು ಗಳಿಗೆಗೆ ಬೀಳ್ತವೋ ಅನ್ನುವ ಹಾಗೆ ಕೂತಿವೆ. ಇವು ಹೀಗೇಕೆ ಅಂತ ಅಲ್ಲಿನವರನ್ನು ಕೇಳಿದರೆ ವಾಲಿ ಸುಗ್ರೀವರು ಹೊಡೆದಾಡುವಾಗ ಎಸೆದಾಡಿದ ಕಲ್ಲುಗಳು ಅನ್ನುತ್ತಾರೆ. ಓದಿದವರನ್ನು ಕೇಳಿದರೆ ಭೂಕಂಪ ಅನ್ನುತ್ತಾರೆ, ಜ್ವಾಲಾಮುಖಿ ಅನ್ನುತ್ತಾರೆ. ನನ್ನ ಕೇಳಿದರೆ ವಾಲಿ ಸುಗ್ರೀವರ ಕಥೆಯೇ ವಾಸಿ. ಅದು ಕಥೆ ಅಂತ ಹೇಳುವವರಿಗೂ ಗೊತ್ತು. ಭೂಕಂಪದ ಕಥೆ ಹೇಳುವವರು ಅದನ್ನು ವಿಜ್ಞಾನ ಅಂದುಕೊಂಡಿರುತ್ತಾರೆ.

ಆ ಗುಂಡುಗಳನ್ನು ಯಾರೂ ತಂದು ಇಟ್ಟಿಲ್ಲ, ಯಾವುದೂ ಎಸೆದಿಲ್ಲ. ಹೆಚ್ಚಿನವು ಮೊದಲಿನಿಂದಲೂ ಅಲ್ಲೇ ಇದ್ದವು, ಅದೇ ಸಾಲಿನಲ್ಲಿ, ಒಂದರ ಮೇಲೊಂದು ಹಾಗೇ. ಅವುಗಳ ನಡುವೆ ಇದ್ದ ಕಲ್ಲು ಕೊಳೆತು, ತೊಳೆದು ಹೋಯಿತು. ಕೊಳೆತದ್ದು ಬಿಸಿಲಿನಲ್ಲಲ್ಲ, ನೆಲದೊಳಗೆ, ಕತ್ತಲಲ್ಲಿ, ತೇವದಲ್ಲಿ. ಇವತ್ತು ನಾನು ಹೇಳಬೇಕೆಂದಿರುವುದು ಇದಿಷ್ಟೇ. ಇಷ್ಟು ತಿಳಿದರೆ ನಿಮ್ಮ ಬೋರ್‌ವೆಲ್ ಯಾಕೆ ಬತ್ತಿತು, ವಿಜಯಪುರದ ಹೊಲ ಯಾಕೆ ಕಪ್ಪು, ಮಂಗಳೂರಿನ ಮನೆ ಗೋಡೆ ಯಾಕೆ ಕೆಂಪು, ಮಳೆಗಾಲದಲ್ಲಿ ಗುಡ್ಡ ಯಾಕೆ ಜಾರುತ್ತದೆ ಅನ್ನುವುದೂ ಅದರ ಹಿಂದೆಯೇ ಬರುತ್ತದೆ.

ಮೇಜಿನ ಮೇಲೆ ಎರಡು ಕಲ್ಲು ಇಟ್ಟಿದ್ದೇನೆ, ಹತ್ತಿರ ಬಂದು ನೋಡಿ. ಎರಡೂ ಒಂದೇ ಕಡೆಯವು. ಮನೆ ಪಾಯಕ್ಕೆ ತೆಗೆದ ಗುಂಡಿಯ ಗೋಡೆಯಿಂದ ಒಂದನ್ನು, ಅದೇ ಗುಂಡಿಯ ತಳದಿಂದ ಇನ್ನೊಂದನ್ನು ತಂದದ್ದು. ಎರಡರಲ್ಲೂ ಕಪ್ಪು ಬಿಳಿ ಪಟ್ಟೆಗಳಿವೆ. ಇದು ನೈಸ್ ಅನ್ನುವ ಕಲ್ಲು, ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಕೆಂಪೇಗೌಡರ ಗೋಪುರದ ಕೆಳಗೆ ಇರುವಂಥದ್ದು. ಲಾಲ್‌ಬಾಗ್ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ. ಜನ ಅದರ ಮೇಲೆ ಕೂತು ಕಡಲೆಕಾಯಿ ತಿನ್ನುತ್ತಾರೆ.

ತಳದ ಕಲ್ಲನ್ನು ಸುತ್ತಿಗೆಯಲ್ಲಿ ಬಡಿದರೆ ಕಣಕಣ ಅನ್ನುತ್ತದೆ, ಕೈ ಜುಮ್ಮೆನ್ನುತ್ತದೆ. ಗೋಡೆಯ ಕಲ್ಲನ್ನು ಬಡಿದರೆ ಡಬ್ ಅನ್ನುತ್ತದೆ, ಅಷ್ಟೆ. ಕೈಯಲ್ಲಿ ಹಿಡಿದು ಹಿಚುಕಿ ನೋಡಿ. ಪುಡಿಯಾಯಿತು, ಅಲ್ವಾ? ಆದರೆ ಪುಡಿಯಾಗುವ ಮುಂಚೆ ಪಟ್ಟೆಗಳೆಲ್ಲ ಸರಿಯಾಗೇ ಇದ್ದವು. ಕಲ್ಲು ಕದಲಿಲ್ಲ, ಕುಸಿಯಲಿಲ್ಲ, ಇದ್ದ ಜಾಗದಲ್ಲೇ ಕೊಳೆಯಿತು. ನಮ್ಮ ಕಡೆ ಇದನ್ನೇ ಗರಸು ಅನ್ನುತ್ತಾರೆ. ರಸ್ತೆ ಕೆಲಸದವರು ಮೊರಂ ಅನ್ನುತ್ತಾರೆ.

ಈ ಪುಡಿಯನ್ನು ಅಂಗೈ ಮೇಲೆ ಹರಡಿ ಭೂತಗನ್ನಡಿಯಲ್ಲಿ ನೋಡಿದರೆ ಮೂರು ಬಗೆ ಕಾಣುತ್ತದೆ. ಗಾಜಿನ ಚೂರಿನ ಹಾಗೆ ಮಿಣಮಿಣ ಅನ್ನುವುದು ಬೆಣಚು. ಅದಕ್ಕೆ ಏನೂ ಆಗಿಲ್ಲ. ತೆಳ್ಳಗೆ, ಹಾಳೆ ಹಾಳೆಯಾಗಿ, ತುಕ್ಕು ಬಣ್ಣಕ್ಕೆ ತಿರುಗಿರುವುದು ಅಭ್ರಕ, ನಾವು ಚಿಕ್ಕವರಿದ್ದಾಗ ಕಾಗೆಬಂಗಾರ ಅನ್ನುತ್ತಿದ್ದೆವು. ಇನ್ನುಳಿದ ಬಿಳಿ ಹಿಟ್ಟು ಮೊದಲು ಫೆಲ್ಡ್‌ಸ್ಪಾರ್ ಅನ್ನುವ ಖನಿಜ ಆಗಿತ್ತು. ಗ್ರಾನೈಟ್‌ನಲ್ಲೂ ನೈಸ್‌ನಲ್ಲೂ ಸಾಮಾನ್ಯವಾಗಿ ಅರ್ಧಕ್ಕಿಂತ ಜಾಸ್ತಿ ಇರುವುದು ಇದೇ. ಗಟ್ಟಿ ಕಲ್ಲಿನಲ್ಲಿ ಇದು ಉಗುರಿಗಲ್ಲ, ಚಾಕುವಿಗೂ ಬಗ್ಗುವುದಿಲ್ಲ. ಇಲ್ಲಿ ಬೆರಳಿಗೆ ಅಂಟುವ ಜೇಡಿಯಾಗಿದೆ. ಹಳ್ಳಿಗಳಲ್ಲಿ ಗೋಡೆಗೆ ಬಳಿಯುತ್ತಿದ್ದ ಸುದ್ದೆಮಣ್ಣು ಇದೇ ಜಾತಿಯದು.

ಇಷ್ಟು ಗಟ್ಟಿ ಕಲ್ಲನ್ನು ಹಿಟ್ಟು ಮಾಡಿದ್ದು ಯಾವುದು? ಮಳೆ ನೀರು. ಸುಮ್ನೆ ನೀರಲ್ಲ, ಸ್ವಲ್ಪ ಹುಳಿ ಇರುವ ನೀರು. ಮಳೆ ಹನಿ ಬೀಳುತ್ತಾ ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡನ್ನು ಕರಗಿಸಿಕೊಳ್ಳುತ್ತದೆ. ಹುಳಿಯ ಅಳತೆಗೆ ಪಿಎಚ್ ಅನ್ನುತ್ತಾರೆ, 7ಕ್ಕಿಂತ ಕೆಳಗೆ ಹೋದಷ್ಟೂ ಹುಳಿ ಜಾಸ್ತಿ. ಹಾಗಾಗಿ ಶುದ್ಧ ಮಳೆ ನೀರಿನ ಪಿಎಚ್ ಕೂಡ 7 ಇರುವುದಿಲ್ಲ, ಸುಮಾರು 5.6 ಇರುತ್ತದೆ. ಈ ಹುಳಿ ಏನೂ ಸಾಲದು. ನೀರು ನೆಲದೊಳಗೆ ಇಳಿದ ಮೇಲೆ ಇರುವುದು ಆಟ. ಮಣ್ಣಿನಲ್ಲಿ ಬೇರುಗಳು ಉಸಿರಾಡುತ್ತವೆ, ಕಣ್ಣಿಗೆ ಕಾಣದ ಜೀವಿಗಳು ಉಸಿರಾಡುತ್ತವೆ. ಮಣ್ಣಿನ ಸಂದಿಯ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಹೊರಗಿನದಕ್ಕಿಂತ ಹತ್ತು ಪಟ್ಟು, ಕೆಲವು ಕಡೆ ನೂರು ಪಟ್ಟು ಇರುತ್ತದೆ. ಅಲ್ಲಿ ನೀರು ಇನ್ನಷ್ಟು ಹುಳಿಯಾಗುತ್ತದೆ. ಕೊಳೆತ ಎಲೆಗಳ ಆಮ್ಲ ಬೇರೆ ಸೇರುತ್ತದೆ. ಆ ನೀರು ಬಂಡೆಯ ಬಿರುಕಿನಲ್ಲಿ ಇಳಿದು ವರ್ಷವಿಡೀ ಆರದೆ ಕೂತಿರುತ್ತದೆ.

ಅದು ಮಾಡುವ ಕೆಲಸ ಇಷ್ಟು. ಫೆಲ್ಡ್‌ಸ್ಪಾರ್‌ನಲ್ಲಿರುವ ಪೊಟ್ಯಾಸಿಯಂ, ಸೋಡಿಯಂ, ಕ್ಯಾಲ್ಸಿಯಂ ಒಂದೊಂದಾಗಿ ಕಿತ್ತುಕೊಂಡು ಹೋಗುತ್ತದೆ. ಸ್ವಲ್ಪ ಸಿಲಿಕವನ್ನೂ ಒಯ್ಯುತ್ತದೆ. ಉಳಿದ ಅಲ್ಯೂಮಿನಿಯಂ ಮತ್ತು ಸಿಲಿಕ ನೀರನ್ನು ಸೇರಿಸಿಕೊಂಡು ಜೇಡಿಯಾಗುತ್ತವೆ. ಈ ಕೆಲಸದಲ್ಲಿ ನೀರಿನಲ್ಲಿ ಕರಗಿದ್ದ ಕಾರ್ಬನ್ ಡೈಆಕ್ಸೈಡ್ ಖರ್ಚಾಗುತ್ತದೆ. ಅಷ್ಟರಲ್ಲಿ ಕರಿ ಅಭ್ರಕದೊಳಗಿನ ಕಬ್ಬಿಣಕ್ಕೆ ಆಮ್ಲಜನಕ ತಗುಲಿ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ಅಭ್ರಕ ಊದುತ್ತದೆ. ಊದಿದಾಗ ಪಕ್ಕದ ಹರಳುಗಳ ನಡುವೆ ಸಣ್ಣ ಸೀಳು ಬಿಡುತ್ತದೆ, ಆ ಸೀಳಿನಲ್ಲಿ ಇನ್ನಷ್ಟು ನೀರು ಇಳಿಯುತ್ತದೆ. ಎಷ್ಟೋ ಗ್ರಾನೈಟ್‌ಗಳು ಪುಡಿಯಾಗಲು ಶುರುವಾಗುವುದೇ ಈ ಅಭ್ರಕದಿಂದ. ಬೆಣಚಿನಲ್ಲಿ ಸಿಲಿಕ ಬಿಟ್ಟರೆ ಬೇರೇನೂ ಇಲ್ಲ. ಕಿತ್ತುಕೊಳ್ಳಲು ಸಡಿಲವಾದದ್ದು ಅದರಲ್ಲಿಲ್ಲ. ಹಾಗಾಗಿ ಅದು ಉಳಿದು ಮರಳಾಗುತ್ತದೆ. ಯಾವ ಖನಿಜ ಮೊದಲು ಹೋಗುತ್ತದೆ, ಯಾವುದು ಕೊನೆಗೆ ಅನ್ನುವ ಸಾಲನ್ನು ಅಮೆರಿಕದ ಸ್ಯಾಮ್ಯುಯೆಲ್ ಗೋಲ್ಡಿಚ್ 1938ರಲ್ಲಿ ಬರೆದಿಟ್ಟರು. ಹೆಚ್ಚು ಬಿಸಿಯಲ್ಲಿ ಹುಟ್ಟಿದ ಖನಿಜ ಮೊದಲು ಹಾಳಾಗುತ್ತದೆ. ಬೆಣಚು ಕಟ್ಟಕಡೆಗೆ.

ಬಿಸಿಲಿಗೆ ಕಲ್ಲು ಹಿಗ್ಗಿ ರಾತ್ರಿ ಕುಗ್ಗಿ ಒಡೆಯುತ್ತದೆ ಅಂತ ಶಾಲೆಯಲ್ಲಿ ಓದಿದ್ದೇವಲ್ಲ ಅಂತ ನೀವು ಕೇಳಬಹುದು. ನಾನೂ ಅದನ್ನೇ ಓದಿದವನು. 1936ರಲ್ಲಿ ಡೇವಿಡ್ ಗ್ರಿಗ್ಸ್ ಅನ್ನುವ ಅಮೆರಿಕದ ಭೂವಿಜ್ಞಾನಿ ಇದನ್ನು ಪರೀಕ್ಷೆ ಮಾಡಿ ನೋಡಿದರು. ನುಣುಪು ಮಾಡಿದ ಗ್ರಾನೈಟ್ ತುಂಡನ್ನು ಬಿಸಿ ಮಾಡುವುದು, ತಣಿಸುವುದು. ಹೀಗೆ 89,400 ಸಲ. ದಿನಕ್ಕೊಂದು ಸಲ ಅಂತ ಲೆಕ್ಕ ಹಾಕಿದರೆ 244 ವರ್ಷದ ಬಿಸಿಲು, ಅದೂ ಮರುಭೂಮಿಯ ಬಿಸಿಲಿಗಿಂತ ಜಾಸ್ತಿ ಕಾವು. ಕಲ್ಲಿಗೆ ಕಣ್ಣಿಗೆ ಕಾಣುವಂಥದ್ದೇನೂ ಆಗಲಿಲ್ಲ. ಆಮೇಲೆ ತಣಿಸುವಾಗ ನೀರು ಸಿಂಪಡಿಸಿದರು. ಕೆಲವೇ ದಿನಗಳಲ್ಲಿ ನುಣುಪು ಹೋಗಿ ಬಿರುಕು ಕಾಣಿಸಿತು. ಈಚಿನವರು ಇದನ್ನು ಸ್ವಲ್ಪ ತಿದ್ದಿದ್ದಾರೆ. ಅಂಗೈಯಗಲದ ತುಂಡಿಗೆ ಆಗದ್ದು ಇಡೀ ಬಂಡೆಗೆ ಆಗಬಹುದು, ಬಿಸಿಲಿಗೆ ದೊಡ್ಡ ಬಂಡೆಯ ಚಕ್ಕೆಗಳು ನಿಜಕ್ಕೂ ಏಳುತ್ತವೆ ಅಂತ ಅಳತೆ ಮಾಡಿ ತೋರಿಸಿದ್ದಾರೆ. ಆದರೂ ನಮ್ಮಂಥ ಮಳೆ ಬೀಳುವ ನಾಡಿನಲ್ಲಿ ಮುಖ್ಯ ಕೆಲಸಗಾರ ನೀರೇ. ಪಠ್ಯಪುಸ್ತಕದಲ್ಲಿ ಬಿಸಿಲಿಗೆ ಒಂದು ಪುಟ, ನೀರಿಗೆ ನಾಲ್ಕು ಸಾಲು ಇರುತ್ತದೆ. ತಿರುಗಿಸಿ ಬರೆಯಬೇಕಿತ್ತು.

ಈಗ ಹಂಪಿಗೆ ವಾಪಸ್ ಬರೋಣ.

ಅಲ್ಲಿನ ಗ್ರಾನೈಟ್ ಸುಮಾರು 250 ಕೋಟಿ ವರ್ಷದ ಹಿಂದೆ ನೆಲದೊಳಗೆ ಕಿಲೋಮೀಟರುಗಟ್ಟಲೆ ಆಳದಲ್ಲಿ ಗಟ್ಟಿಯಾದದ್ದು. ಮೇಲಿದ್ದ ಹೊರೆಯೆಲ್ಲ ಸವೆದು ಹೋದ ಹಾಗೆ ಈ ಬಂಡೆ ಮೇಲೆ ಬಂತು. ಒತ್ತಡ ಇಳಿದಾಗ ಅದರಲ್ಲಿ ಅಡ್ಡಡ್ಡ ಬಿರುಕು ಬಿಟ್ಟವು. ಭೂಮಿಯ ಒಳಗಿನ ಎಳೆತ ಒತ್ತಡಗಳಿಗೆ ಆಗಲೇ ಉದ್ದುದ್ದ ಬಿರುಕುಗಳೂ ಬಿಟ್ಟಿದ್ದವು. ಒಟ್ಟಿನಲ್ಲಿ ಇಡೀ ಬಂಡೆ ಚೌಕ ಚೌಕದ ದಿಮ್ಮಿಗಳಾಗಿ ಸೀಳಿತ್ತು, ಆದರೆ ಯಾವ ದಿಮ್ಮಿಯೂ ಜಾಗ ಬಿಟ್ಟು ಕದಲಿರಲಿಲ್ಲ. ಈ ಬಿರುಕುಗಳಲ್ಲಿ ನೀರು ಇಳಿಯಿತು.

ಒಂದು ದಿಮ್ಮಿಯನ್ನು ಮನಸ್ಸಿನಲ್ಲಿ ತಂದುಕೊಳ್ಳಿ. ಅದರ ಮುಖಕ್ಕೆ ನೀರು ಒಂದೇ ಕಡೆಯಿಂದ ತಗಲುತ್ತದೆ. ಅಂಚಿಗೆ ಎರಡು ಕಡೆಯಿಂದ. ಮೂಲೆಗೆ ಮೂರು ಕಡೆಯಿಂದ. ಹಾಗಾಗಿ ಮೂಲೆ ಮೊದಲು ಕೊಳೆಯುತ್ತದೆ, ಆಮೇಲೆ ಅಂಚು, ಕೊನೆಗೆ ಮುಖ. ಚೌಕದ ದಿಮ್ಮಿ ಒಳಗಿಂದೊಳಗೇ ದುಂಡಗಾಗುತ್ತಾ ಬರುತ್ತದೆ. ನೆಲದೊಳಗೆ ಗರಸು ತುಂಬಿದೆ, ನಡುನಡುವೆ ಗಟ್ಟಿ ಗುಂಡುಗಳು ಹೂತುಕೊಂಡಿವೆ. ರಸ್ತೆಗೆ ಗುಡ್ಡ ಕಡಿದ ಕಡೆ ನೀವು ಇದನ್ನು ನೋಡಿರುತ್ತೀರಿ. ಕೆಂಪು ಹಳದಿ ಗರಸಿನ ಗೋಡೆಯಲ್ಲಿ ಬೂದು ಬಣ್ಣದ ಗುಂಡು ಸಿಕ್ಕಿಹಾಕಿಕೊಂಡಿರುತ್ತದೆ, ಅದರ ಸುತ್ತ ಈರುಳ್ಳಿಯ ಹಾಗೆ ಪದರ ಪದರ ಸಿಪ್ಪೆ. ಅದು ಹುಟ್ಟುತ್ತಿರುವ ಹಂಪಿ.

ಮುಂದೆ ಎಂದೋ ಒಂದು ಕಾಲದಲ್ಲಿ ಮೇಲಿನ ಗರಸನ್ನು ಮಳೆ, ಹಳ್ಳ, ಹೊಳೆ ತೊಳೆದು ಒಯ್ಯುತ್ತವೆ. ಹಂಪಿಯಲ್ಲಾದರೆ ತುಂಗಭದ್ರೆ ಪಕ್ಕದಲ್ಲೇ ಇದ್ದಾಳೆ. ಗರಸು ಹೋದ ಮೇಲೆ ಗುಂಡುಗಳು ಒಂದರ ಮೇಲೊಂದು ಕೂತುಕೊಂಡವು. ಇದು ಎರಡು ಹಂತದ ಕೆಲಸ. ಮೊದಲು ನೆಲದೊಳಗೆ ಕೊಳೆಯುವುದು, ಆಮೇಲೆ ನೆಲದ ಮೇಲೆ ತೊಳೆದು ಹೋಗುವುದು. ಇಂಗ್ಲೆಂಡಿನ ಡಾರ್ಟ್‌ಮೂರ್‌ನಲ್ಲಿ ಇಂಥದೇ ಗ್ರಾನೈಟ್ ಗುಡ್ಡೆಗಳಿವೆ. ಅವುಗಳನ್ನು ನೋಡಿ ಡೇವಿಡ್ ಲಿಂಟನ್ 1955ರಲ್ಲಿ ಈ ಎರಡು ಹಂತದ ವಿವರಣೆ ಕೊಟ್ಟರು. ಡಾರ್ಟ್‌ಮೂರ್ ಮಟ್ಟಿಗೆ ಅವರ ಜೊತೆ ಜಗಳ ಮಾಡುವವರು ಇವತ್ತಿಗೂ ಇದ್ದಾರೆ, ಯಾಕೆಂದರೆ ಅಲ್ಲಿ ಹಿಮದ ಕೈವಾಡವೂ ಉಂಟು. ನಮ್ಮಲ್ಲಿ ಆ ತಕರಾರು ಇಲ್ಲ.

ಗುಂಡಿನ ಗಾತ್ರವನ್ನು ನಿರ್ಧರಿಸುವುದು ಬಿರುಕುಗಳ ನಡುವಿನ ದೂರ. ಬಿರುಕು ಒತ್ತೊತ್ತಾಗಿದ್ದ ಕಡೆ ಎಲ್ಲವೂ ಕೊಳೆತು ಕಣಿವೆಯಾಗುತ್ತದೆ, ಅಲ್ಲಿ ಇವತ್ತು ಗದ್ದೆ ತೋಟ ಇರುತ್ತದೆ. ಹದವಾಗಿದ್ದ ಕಡೆ ಗುಂಡುಗಳು. ಬಿರುಕೇ ಇಲ್ಲದ ಕಡೆ ಇಡೀ ಬೆಟ್ಟ ಒಂದೇ ಬಂಡೆಯಾಗಿ ನಿಲ್ಲುತ್ತದೆ. ಮಾಗಡಿ ಹತ್ತಿರದ ಸಾವನದುರ್ಗ ಹಾಗೆ. 1,226 ಮೀಟರ್ ಎತ್ತರದ ಆ ಬೆಟ್ಟದಲ್ಲಿ ನೀರಿಗೆ ಒಳಗೆ ಹೋಗಲು ದಾರಿಯೇ ಇಲ್ಲ. ಬಿದ್ದ ಮಳೆ ಜಾರಿ ಹೋಗುತ್ತದೆ. ಅಲ್ಲಿ ಆಗುವುದು ಬೇರೆ. ಹೊರೆ ಇಳಿದ ಬಂಡೆ ಮೇಲ್ಮೈಗೆ ಸಮನಾಗಿ ದಪ್ಪ ದಪ್ಪ ಹಾಸುಗಳಾಗಿ ಬಿಡಿಸಿಕೊಳ್ಳುತ್ತದೆ.

ಈ ಹಾಸನ್ನು ಕಲ್ಲು ಒಡೆಯುವವರು ಯಾವ ಕಾಲೇಜಿಗೂ ಹೋಗದೆ ಅರಿತಿದ್ದರು. ಬಂಡೆ ಮೇಲೆ ಸೌದೆ ಹರಡಿ ಬೆಂಕಿ ಹಚ್ಚುವುದು. ಕಾದ ಪದರ ಹಿಗ್ಗಿ ಕೆಳಗಿನದರಿಂದ ಬಿಡಿಸಿಕೊಳ್ಳುತ್ತದೆ. ಸುತ್ತಿಗೆಯಲ್ಲಿ ತಟ್ಟಿ ಸದ್ದು ಕೇಳುವುದು. ಪೊಳ್ಳು ಸದ್ದು ಬಂದರೆ ಅಲ್ಲಿ ಬಿಟ್ಟಿದೆ, ಗಟ್ಟಿ ಸದ್ದು ಬಂದರೆ ಬೆಂಕಿಯನ್ನು ಇನ್ನೂ ಮುಂದಕ್ಕೆ ತಳ್ಳಬೇಕು. ಹೀಗೆ ಎಬ್ಬಿಸಿದ ಹಾಸಿನಿಂದ ಮನೆಗೆ ಚಪ್ಪಡಿ, ಹೊಲಕ್ಕೆ ಕಲ್ಲುಕಂಬ. ಬೆಂಗಳೂರು, ಕೋಲಾರದ ಕಡೆ ಹಳೇ ಮನೆಗಳ ಚಪ್ಪಡಿಯನ್ನು ಹೀಗೂ ತೆಗೆಯುತ್ತಿದ್ದರು. ಬಂಡೆ ಹೇಗೆ ಬಿಡುತ್ತದೆ ಅನ್ನುವುದು ಅವರ ಕಿವಿಗೆ ಗೊತ್ತಿತ್ತು.

ಗುಂಡುಗಳ ಮೇಲಿನ ಬೂದು, ಕಿತ್ತಳೆ ಬಣ್ಣದ ಮಚ್ಚೆಗಳ ಬಗ್ಗೆಯೂ ಒಂದು ಮಾತು. ಅದು ಬಣ್ಣವಲ್ಲ, ಜೀವ. ಅಡುಗೆಗೆ ಹಾಕುವ ಕಲ್ಲುಹೂವಿನ ಜಾತಿಯದು. (ಮಸಾಲೆಯ ಕಲ್ಲುಹೂವು ಹೆಚ್ಚಾಗಿ ಬರುವುದು ಮರದ ತೊಗಟೆಯಿಂದ, ಹೆಸರು ಕಲ್ಲಿನದು.) ಇವೂ ಆಮ್ಲ ಸುರಿಸುತ್ತವೆ, ಕಲ್ಲನ್ನು ಕೂದಲೆಳೆಯಷ್ಟು ತಿನ್ನುತ್ತವೆ. ಆದರೂ ಹೊರಗೆ, ಒಣಗಿ ನಿಂತ ಬಂಡೆಯ ಸವೆತ ತೀರಾ ನಿಧಾನ. ದಖ್ಖನದ ಬರಿ ಬಂಡೆಗಳು ಸವೆಯುವುದು ಸಾವಿರ ವರ್ಷಕ್ಕೆ ಕೆಲವೇ ಮಿಲಿಮೀಟರ್ ಲೆಕ್ಕದಲ್ಲಿ. ಅದಕ್ಕೇ ಊರೂರಿನ ಕಲ್ಲಿನ ಶಾಸನಗಳನ್ನು ನಾವು ಇವತ್ತಿಗೂ ಓದಬಲ್ಲೆವು. ಅದೇ ಕಲ್ಲನ್ನು ಒದ್ದೆ ಮಣ್ಣಿನಲ್ಲಿ ಹೂತಿಟ್ಟರೆ ಕೊಳೆಯುವ ವೇಗ ಹಲವು ಪಟ್ಟು ಜಾಸ್ತಿ. ಮೇಲೆ ಬಂದ ಗುಂಡು ಒಂದು ರೀತಿಯಲ್ಲಿ ಬಚಾವಾದ ಗುಂಡು.

ಹಾಗಾದರೆ ತೊಳೆದು ಹೋಗದ ಗರಸು ಏನಾಯಿತು? ಅದು ನಮ್ಮ ಕಾಲ ಕೆಳಗೇ ಇದೆ. ಬೋರ್‌ವೆಲ್ ಕೊರೆಸಿದವರಿಗೆ ಅದರ ದಪ್ಪ ರೂಪಾಯಿ ಲೆಕ್ಕದಲ್ಲಿ ಗೊತ್ತು. ಗಾಡಿ ಬಂದು ಕೊರೆಯಲು ಶುರು ಮಾಡಿದಾಗ ಮೊದಲು ಕೆಂಪು ದೂಳು ಬರುತ್ತದೆ. ಆಮೇಲೆ ಹಳದಿ, ಬಿಳಿ. ಸ್ವಲ್ಪ ಹೊತ್ತಿಗೆ ಬೂದು ಪುಡಿ ಬರುತ್ತದೆ, ಸದ್ದು ಬದಲಾಗುತ್ತದೆ. ಆಗ ಗಾಡಿಯವನು ನಿಲ್ಲಿಸಿ, ಬಂಡೆ ಸಿಕ್ಕಿತು ಸಾರ್, ಇಲ್ಲಿವರೆಗೆ ಕೇಸಿಂಗ್ ಇಳಿಸಬೇಕು ಅನ್ನುತ್ತಾನೆ. ಆ ಕೇಸಿಂಗ್ ಪೈಪಿನ ಉದ್ದವೇ ನಿಮ್ಮ ಜಾಗದಲ್ಲಿ ಬಂಡೆ ಎಷ್ಟು ಆಳಕ್ಕೆ ಕೊಳೆತಿದೆ ಅನ್ನುವ ಅಳತೆ. ಒಂದು ಹೊಲದಲ್ಲಿ 30 ಅಡಿ, ಆ ಕಡೆ ಹೊಲದಲ್ಲಿ 100 ಅಡಿ ಇದ್ದರೂ ಆಶ್ಚರ್ಯವಿಲ್ಲ. ಕೆಳಗೆ ಬಿರುಕು ಹೇಗಿದೆಯೋ ಹಾಗೆ.

ಬಯಲುಸೀಮೆಯ ನೀರು ಇದ್ದದ್ದೇ ಈ ಗರಸಿನಲ್ಲಿ. ಗಟ್ಟಿ ಗ್ರಾನೈಟ್‌ನೊಳಗೆ ನೀರು ನಿಲ್ಲುವ ಸಂದಿ ನೂರಕ್ಕೆ ಒಂದು ಪಾಲೂ ಇರುವುದಿಲ್ಲ. ಕೊಳೆತ ಕಲ್ಲಿನಲ್ಲಿ ಅದರ ಎಷ್ಟೋ ಪಟ್ಟು. ಅಜ್ಜಂದಿರು ತೋಡಿಸಿದ ಬಾವಿಗಳು, ಏತ ಕಪಿಲೆ ಹೊಡೆದ ಬಾವಿಗಳು ಎಲ್ಲ ಗರಸಿನ ಬಾವಿಗಳೇ. ತಳದಲ್ಲಿ ಬಂಡೆ ಸಿಕ್ಕಿದರೆ ತೋಡುವುದನ್ನು ನಿಲ್ಲಿಸುತ್ತಿದ್ದರು. ಕೆರೆ ತುಂಬಿದರೆ ಕೆಳಗಿನ ಗರಸು ತುಂಬುತ್ತಿತ್ತು, ಬಾವಿಗೆ ನೀರು ಬರುತ್ತಿತ್ತು. ನಾವು ಬೋರ್ ಕೊರೆದು ಕೆಳಗಿನ ಬಿರುಕಿನ ನೀರನ್ನು ಎತ್ತಲು ಶುರು ಮಾಡಿದೆವು. ಆ ಬಿರುಕುಗಳಿಗೆ ನೀರು ಇಳಿಯುವುದು ಮೇಲಿನ ಗರಸಿನಿಂದಲೇ. ಹಾಗಾಗಿ ಮೊದಲು ಒಣಗಿದ್ದು ಬಾವಿಗಳು, ಆಮೇಲೆ ಗರಸು ಪೂರ್ತಿ. ಈಗ ಕೋಲಾರದ ಕಡೆ ಸಾವಿರ ಅಡಿ ದಾಟಿ ಕೊರೆಯುತ್ತಾರೆ. ಅಷ್ಟು ಆಳದಲ್ಲಿ ಕೊಡ ಹಿಡಿಯುವಷ್ಟು ಜಾಗವೇ ಇರುವುದಿಲ್ಲ, ಬಿರುಕಿನಲ್ಲಿ ಸಿಕ್ಕಿದ ನೀರು ಸಿಕ್ಕಿದಷ್ಟು.

ಇದಕ್ಕಿಂತ ಹೊಟ್ಟೆ ಉರಿಯುವ ವಿಷಯ ಫಿಲ್ಟರ್ ಮರಳು. ಕೊಳೆತ ಗ್ರಾನೈಟ್‌ನಲ್ಲಿ ಬೆಣಚಿನ ಕಾಳು ಹಾಗೇ ಉಳಿದಿರುತ್ತದೆ ಅಂದೆನಲ್ಲ. ಹೊಲದ ಮಣ್ಣು, ಕೆರೆ ಅಂಗಳದ ಮಣ್ಣು ಅಗೆದು ನೀರಲ್ಲಿ ತೊಳೆದರೆ ಜೇಡಿ ಹರಿದು ಹೋಗಿ ಮರಳು ತಳದಲ್ಲಿ ನಿಲ್ಲುತ್ತದೆ. ಅದನ್ನು ಲಾರಿಗೆ ತುಂಬಿ ಬೆಂಗಳೂರಿಗೆ ಕಳಿಸುವುದು. ನೀರು ಹಿಡಿದಿಡುವ ಪದರವನ್ನೇ, ಇದ್ದ ನೀರಿನಿಂದಲೇ ತೊಳೆದು ಮಾರುವ ದಂಧೆ ಅದು. ಲಕ್ಷಾಂತರ ವರ್ಷ ಕೊಳೆತು ಆದದ್ದು ಒಂದು ಬೇಸಿಗೆಯಲ್ಲಿ ಮುಗಿಯುತ್ತದೆ. ಬರಿ ಕಾನೂನು ಬಾಹಿರ ಅಂದರೆ ಅದರ ಪಾಪ ಪೂರ್ತಿ ಹೇಳಿದ ಹಾಗಾಗುವುದಿಲ್ಲ.

ಇಲ್ಲಿವರೆಗೆ ಗ್ರಾನೈಟ್ ಮತ್ತು ನೈಸ್ ಮಾತಾಯಿತು. ಇವು ಕೊಳೆತರೆ ಕೆಂಪು ನೆಲ, ಉತ್ತರ ಕರ್ನಾಟಕದವರ ಮಸಾರಿ. ಬಣ್ಣ ಕಬ್ಬಿಣದ ತುಕ್ಕಿನದು. ವಿಜಯಪುರ, ಕಲಬುರಗಿ, ಬೀದರ್ ಕಡೆ ಕಲ್ಲೇ ಬೇರೆ. ಅಲ್ಲಿರುವುದು ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾ ಗಟ್ಟಿಯಾದ ಕರಿಕಲ್ಲು, ಬಸಾಲ್ಟ್. ಅದರಲ್ಲಿ ಬೆಣಚು ಇಲ್ಲವೆಂದೇ ಹೇಳಬಹುದು. ಹಾಗಾಗಿ ಕೊಳೆತರೆ ಮರಳೂ ಸಿಗುವುದಿಲ್ಲ, ಪೂರ್ತಿ ಜೇಡಿ. ಅದೂ ನೀರು ಕುಡಿದರೆ ಊದುವ, ಒಣಗಿದರೆ ಕುಗ್ಗುವ ಜಾತಿಯ ಜೇಡಿ. ಅದೇ ಎರೆ. ಬೇಸಿಗೆಯಲ್ಲಿ ಎರೆ ಹೊಲದ ಬಿರುಕಿನಲ್ಲಿ ಕೈ ಮೊಣಕೈವರೆಗೆ ಇಳಿಯುತ್ತದೆ. ಮೇಲಿನ ಮಣ್ಣು ಬಿರುಕಿನೊಳಗೆ ಉದುರುತ್ತದೆ, ಮಳೆ ಬಂದಾಗ ಎಲ್ಲ ಊದಿ ಕೆಳಗಿನದು ಮೇಲೆ ಬರುತ್ತದೆ. ಹೊಲ ತನ್ನನ್ನು ತಾನೇ ಉತ್ತುಕೊಳ್ಳುತ್ತದೆ. ರೈತನಿಗೆ ಒಳ್ಳೆಯದು, ಮನೆ ಕಟ್ಟುವವನಿಗೆ ತಲೆನೋವು.

ಎರೆಯಲ್ಲಿ ಬಿಳಿ ಸುಣ್ಣದ ಹರಳುಗಳು ಸಿಗುತ್ತವೆ, ನೋಡಿರುತ್ತೀರಿ. ಬಸಾಲ್ಟ್‌ನಿಂದ ಕಿತ್ತುಬಂದ ಕ್ಯಾಲ್ಸಿಯಂ ಅದು. ವಿಜಯಪುರದ ಕಡೆ ಮಳೆ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು. ಆ ಕ್ಯಾಲ್ಸಿಯಂ ಪೂರ್ತಿ ತೊಳೆದು ಸಮುದ್ರ ಸೇರಿಸಲು ಅಷ್ಟು ನೀರು ಸಾಲದು, ಹಾಗಾಗಿ ಅಲ್ಲೇ ಸುಣ್ಣವಾಗಿ ಹೆಪ್ಪುಗಟ್ಟುತ್ತದೆ. ಈಗ ಬೀದರ್ ನೋಡಿ. ಅಲ್ಲಿನದೂ ಬಸಾಲ್ಟೇ. ಆದರೆ ಕೋಟೆ ಇರುವ ಎತ್ತರದ ಬಯಲಿನ ಮೇಲೆ ಕೆಂಪು ಜಂಬಿಟ್ಟಿಗೆಯ ಹೊದಿಕೆ ಇದೆ. ಎಂದೋ ಹಳೆಯ ಕಾಲದಲ್ಲಿ, ಮಳೆ ಧಾರಾಳವಾಗಿದ್ದಾಗ ಅದೇ ಕರಿಕಲ್ಲು ಪೂರ್ತಿ ತೊಳೆದು ಕೆಂಪಾಯಿತು. ಜಂಬಿಟ್ಟಿಗೆ ತೂತು ತೂತಿನ ಕಲ್ಲು, ಮಳೆ ಸಲೀಸಾಗಿ ಇಳಿಯುತ್ತದೆ, ಕೆಳಗಿನ ಬಸಾಲ್ಟ್ ಸಿಕ್ಕಿದ ಕೂಡಲೇ ನಿಲ್ಲುತ್ತದೆ. ಆ ಸಂಧಿಯನ್ನು ಹಿಡಿದು ಬಹಮನಿ ಕಾಲದಲ್ಲಿ ನೆಲದೊಳಗೆ ಸುರಂಗ ಕಾಲುವೆ ಕೊರೆದರು. ನೌಬಾದ್‌ನ ಕರೇಜ್ ಅದೇ. ಎಲ್ಲಿ ಕೊರೆದರೆ ನೀರು ಸಿಗುತ್ತದೆ ಅನ್ನುವುದು ಅವರಿಗೆ ಗೊತ್ತಿತ್ತು.

ಕರಾವಳಿಗೆ ಇಳಿದರೆ ಮಳೆ 3,500 ಮಿಲಿಮೀಟರ್‌ಗೂ ಜಾಸ್ತಿ. ಅಲ್ಲಿ ಕ್ಯಾಲ್ಸಿಯಂ, ಸೋಡಿಯಂ ಮಾತೇ ಇಲ್ಲ, ಅವು ಮೊದಲೇ ಹೋದವು. ಸಿಲಿಕವೂ ಹೋಗುತ್ತದೆ. ಕೊನೆಗೆ ಉಳಿಯುವುದು ಕಬ್ಬಿಣ ಮತ್ತು ಅಲ್ಯೂಮಿನಿಯಂ. ಕಬ್ಬಿಣ ಜಾಸ್ತಿ ಉಳಿದರೆ ಮುರಕಲ್ಲು, ಬೀದರ್‌ನಲ್ಲಿ ನೋಡಿದ ಜಂಬಿಟ್ಟಿಗೆಯೇ. ಕೆಲವು ಕಡೆ ಇದನ್ನೇ ಚಿರೆಕಲ್ಲು ಅನ್ನುತ್ತಾರೆ. ಅಲ್ಯೂಮಿನಿಯಂ ಜಾಸ್ತಿಯಾದರೆ ಬಾಕ್ಸೈಟ್, ಬೆಳಗಾವಿ ಕಡೆ ಸಿಗುವಂಥದ್ದು. ಮಳೆಗಾಲದಲ್ಲಿ ನೆಲದ ನೀರು ಮೇಲೇರುತ್ತದೆ, ಬೇಸಿಗೆಯಲ್ಲಿ ಇಳಿಯುತ್ತದೆ. ಈ ಏರಿಳಿತದಲ್ಲಿ ಕಬ್ಬಿಣ ಕರಗಿ, ಸರಿದು, ಮತ್ತೆ ಹೆಪ್ಪುಗಟ್ಟಿ ಜಾಲರಿಯ ಹಾಗೆ ನಿಲ್ಲುತ್ತದೆ. ಫ್ರಾನ್ಸಿಸ್ ಬುಕಾನನ್ 1800ರಲ್ಲಿ ಮದ್ರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರ್ ಸುತ್ತಿದರು. ಕೇರಳದ ಅಂಗಡಿಪುರದ ಹತ್ತಿರ ಈ ಕಲ್ಲನ್ನು ಕೆತ್ತುವುದನ್ನು ನೋಡಿ, ನೆಲದಲ್ಲಿದ್ದಾಗ ಮೆತ್ತಗಿದ್ದು ಗಾಳಿಗೆ ಬಂದ ಮೇಲೆ ಗಟ್ಟಿಯಾಗುತ್ತದೆ ಅಂತ ಬರೆದರು. 1807ರಲ್ಲಿ ಅಚ್ಚಾದ ಅವರ ಪ್ರವಾಸ ಕಥನದಿಂದಲೇ ಲ್ಯಾಟರೈಟ್ ಅನ್ನುವ ಹೆಸರು ಲೋಕಕ್ಕೆ ಹೋಯಿತು. ಗಟ್ಟಿಯಾಗುವುದೇಕೆ ಅಂದರೆ, ಒಣಗಿದಾಗ ಕಬ್ಬಿಣದ ತುಕ್ಕು ಹರಳುಗಟ್ಟಿಕೊಳ್ಳುತ್ತದೆ. ಮತ್ತೆ ನೆನೆಸಿದರೂ ಅದು ಮೆತ್ತಗಾಗುವುದಿಲ್ಲ.

ಮುರಕಲ್ಲಿನ ಕೆಳಗೆ ಏನಿದೆ ಅನ್ನುವುದು ಕೋರೆ ಕಡಿಯುವವರಿಗೆ ಗೊತ್ತು. ಗಟ್ಟಿ ಕಲ್ಲು ಕೆಲವು ಅಡಿ, ಅದರ ಕೆಳಗೆ ಬಿಳಿ, ಗುಲಾಬಿ, ಹಳದಿ ಬಣ್ಣದ ಮೆತ್ತನೆ ಮಣ್ಣು. ದಕ್ಷಿಣ ಕನ್ನಡದಲ್ಲಿ ಅದಕ್ಕೆ ಶೇಡಿ ಮಣ್ಣು ಅನ್ನುತ್ತಾರೆ. ಮೊದಲು ನೋಡಿದಿರಲ್ಲ, ಪಟ್ಟೆ ಉಳಿಸಿಕೊಂಡು ಪುಡಿಯಾದ ನೈಸ್, ಅದರ ಇನ್ನೂ ಮುಂದಿನ ಅವಸ್ಥೆ ಇದು. ಒಣಗಿದ್ದಾಗ ಶೇಡಿಯ ಗೋಡೆ ನೆಟ್ಟಗೆ ನಿಲ್ಲುತ್ತದೆ. ಜೆಸಿಬಿಯಲ್ಲಿ ಇಪ್ಪತ್ತು ಅಡಿ ಕಡಿದರೂ ಬೇಸಿಗೆಯಲ್ಲಿ ಅಲುಗಾಡುವುದಿಲ್ಲ. ನೋಡಿದವರು ಎಷ್ಟು ಗಟ್ಟಿ ಇದೆ ಅನ್ನುತ್ತಾರೆ. ನೀರು ಕುಡಿದರೆ ಅದರ ಬಲ ಇಳಿದುಬಿಡುತ್ತದೆ. ಸುರತ್ಕಲ್‌ನ ಎಂಜಿನಿಯರಿಂಗ್ ಕಾಲೇಜು ಎನ್‌ಐಟಿಕೆಯಲ್ಲಿ ಈ ಶೇಡಿ ಮಣ್ಣನ್ನು ಗಟ್ಟಿ ಮಾಡುವುದು ಹೇಗೆ ಅಂತ ಎಂಜಿನಿಯರುಗಳು ಪ್ರಯೋಗ ಮಾಡುತ್ತಾ ಬಂದಿದ್ದಾರೆ.

2018ರ ಆಗಸ್ಟ್‌ನಲ್ಲಿ ಕೊಡಗು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರು, ಹೆದ್ದಾರಿಗೆ ಕಡಿದ ಗುಡ್ಡ ಜಾರಿ ಗಂಗಾವಳಿ ನದಿಗೆ ಬಿತ್ತು. ಅದೇ ತಿಂಗಳ 30ರಂದು ಪಕ್ಕದ ವಯನಾಡು. ಮಣ್ಣಿನ ಬಗೆ ಮೂರೂ ಕಡೆ ಒಂದೇ ಅಲ್ಲ, ಇಳಿಜಾರು ಒಂದೇ ಅಲ್ಲ. ಆದರೆ ಮುಖ್ಯವಾಗಿ ಜಾರಿ ಬಂದದ್ದು ಗಟ್ಟಿ ಬಂಡೆಯ ಮೇಲೆ ಕೂತಿದ್ದ ಕೊಳೆತ ಪದರ. ಘಟ್ಟದಲ್ಲಿ ಮಳೆ ಜಾಸ್ತಿ, ಕಾಡು ಜಾಸ್ತಿ, ಹಾಗಾಗಿ ಕೊಳೆಯುವುದೂ ಆಳ. ಅದು ಇಳಿಜಾರಿನಲ್ಲಿ ನಿಂತಿರುವುದು ಬುಡ ಇರುವವರೆಗೆ. ಬುಡ ಕಡಿದು ರಸ್ತೆ ಮಾಡಿದರೆ, ಮೇಲೆ ಮಳೆ ಹೊಯ್ದರೆ, ಉಳಿದದ್ದು ಹೇಳಬೇಕಾಗಿಲ್ಲ.

ಕೊನೆಗೆ ಬಂದ ಕೆಲವು ಪ್ರಶ್ನೆಗಳು.

ಕಾಲೇಜಿನ ಹುಡುಗನೊಬ್ಬ, ಸರ್, ಕಲ್ಲು ಕೊಳೆಯುವಾಗ ಕಾರ್ಬನ್ ಡೈಆಕ್ಸೈಡ್ ಖರ್ಚಾಗುತ್ತದೆ ಅಂದಿರಿ, ಹಾಗಾದರೆ ಕಲ್ಲು ಪುಡಿ ಮಾಡಿ ಹಾಕಿದರೆ ವಾತಾವರಣ ತಣ್ಣಗಾಗುತ್ತದಾ ಅಂತ ಕೇಳಿದ. ಒಳ್ಳೆ ಪ್ರಶ್ನೆ. ಲಕ್ಷಾಂತರ ವರ್ಷಗಳ ಲೆಕ್ಕದಲ್ಲಿ ಭೂಮಿಯ ಕಾವನ್ನು ಹದದಲ್ಲಿ ಇಟ್ಟಿರುವ ಕೆಲಸಗಳಲ್ಲಿ ಇದೂ ಒಂದು. ಅದನ್ನು ಬೇಗ ಮಾಡಿಸಲು ಬಸಾಲ್ಟ್ ಪುಡಿಯನ್ನು ಹೊಲಗಳಿಗೆ ಹಾಕುವ ಪ್ರಯೋಗ ನಡೆಯುತ್ತಿದೆ. ಭಾರತದ ಸಣ್ಣ ರೈತರ ಹೊಲಗಳಲ್ಲಿ ಈ ಕೆಲಸ ಮಾಡುವ ಮಾತಿ ಕಾರ್ಬನ್ ಅನ್ನುವ ಸಂಸ್ಥೆಗೆ 2025ರಲ್ಲಿ ಎಕ್ಸ್‌ಪ್ರೈಜ್ ಅನ್ನುವ ಅಂತರರಾಷ್ಟ್ರೀಯ ಸ್ಪರ್ಧೆಯ 5 ಕೋಟಿ ಡಾಲರ್ ಬಹುಮಾನ ಬಂತು. ಪುಡಿ ಹಾಕುವುದು ಸುಲಭ. ಅದರಲ್ಲಿ ಎಷ್ಟು ನಿಜವಾಗಿ ಕರಗಿತು, ಎಷ್ಟು ಹೊಳೆ ಸೇರಿತು ಅಂತ ಅಳೆಯುವುದು ಕಷ್ಟ. ಅಳತೆ ಗಟ್ಟಿಯಾಗುವವರೆಗೆ ನಾನು ಕುಣಿಯುವುದಿಲ್ಲ. ರೈತನ ಹೊಲಕ್ಕೆ ಪೊಟ್ಯಾಸಿಯಂ, ಕ್ಯಾಲ್ಸಿಯಂ ಸಿಕ್ಕಿದರೆ ಅಷ್ಟರ ಮಟ್ಟಿಗೆ ಲಾಭವೇ.

ಹಿರಿಯರೊಬ್ಬರು, ಹಂಪಿಯ ಗುಂಡುಗಳು ಯಾವತ್ತಾದರೂ ಬೀಳುತ್ತವಾ ಅಂದರು. ಬೀಳುತ್ತವೆ, ಬಿದ್ದೂ ಇವೆ. ಬುಡದ ಗರಸು ಹೋದ ಹಾಗೆ ಒಂದೊಂದೇ ವಾಲುತ್ತವೆ. ಎಲ್ಲ ಗುಂಡೂ ಮೊದಲಿದ್ದ ಜಾಗದಲ್ಲೇ ಇದೆ ಅಂತ ನಾನು ಹೇಳುತ್ತಿಲ್ಲ. ಆದರೆ ಅವುಗಳ ಲೆಕ್ಕ ಸಾವಿರಾರು ವರ್ಷಗಳದು. ಹತ್ತಿರದಲ್ಲಿ ಸಿಡಿಮದ್ದು ಇಟ್ಟು ಕಲ್ಲು ಒಡೆದರೆ ಲೆಕ್ಕ ಬೇರೆ.

ಪುತ್ತೂರಿನ ಕಡೆಯವರೊಬ್ಬರು, ನಮ್ಮ ಮನೆ ಗುಡ್ಡ ಕಡಿದ ಜಾಗದಲ್ಲೇ ಇದೆ, ಹಿಂದೆ ಶೇಡಿ ಮಣ್ಣಿನ ಗೋಡೆ, ಏನು ನೋಡಿಕೊಳ್ಳಬೇಕು ಅಂತ ಕೇಳಿದರು. ಅಮ್ಮಾ, ಮೊದಲು ಗೋಡೆಯ ಕೆಳಗೆ ನಿಂತು ನೋಡಬೇಡಿ, ಮೇಲೆ ಹೋಗಿ ನೋಡಿ. ಅಂಚಿನಿಂದ ಒಳಗೆ, ಅಂಚಿಗೆ ಸಮನಾಗಿ ನೆಲದಲ್ಲಿ ಬಿರುಕು ಬಿಟ್ಟಿದೆಯಾ? ನೆಟ್ಟಗಿದ್ದ ಅಡಿಕೆ ಮರ, ಕಂಬ ವಾಲಿದೆಯಾ? ಬುಡದಲ್ಲಿ ಹೊಸದಾಗಿ ಒರತೆ ಎದ್ದಿದೆಯಾ? ತಿಳಿಯಾಗಿ ಬರುತ್ತಿದ್ದ ನೀರು ಕೆಂಪಗೆ ಬರುತ್ತಿದೆಯಾ? ಇವುಗಳಲ್ಲಿ ಒಂದು ಕಂಡರೂ ಆ ಮಳೆ ಮುಗಿಯುವವರೆಗೆ ಹಿಂಬದಿ ಕೋಣೆಯಲ್ಲಿ ಯಾರೂ ಮಲಗಬೇಡಿ, ಪಂಚಾಯಿತಿಗೆ ತಿಳಿಸಿ. ಏನೂ ಕಾಣದಿದ್ದರೂ ಬೇಸಿಗೆಯಲ್ಲೇ ಒಂದು ಕೆಲಸ ಮಾಡಿಸಿ. ಗುಡ್ಡದ ಮೇಲಿನ ನೀರು ಅಂಚಿಗೆ ಬಾರದಂತೆ ಕಣಿ ತೋಡಿ ಪಕ್ಕಕ್ಕೆ ತಿರುಗಿಸಿ. ಮಳೆ ನೀರು ಇಂಗಿಸಬೇಕು ಅಂತ ಎಲ್ಲರೂ ಹೇಳುತ್ತಾರೆ, ಸರಿಯೇ. ಆದರೆ ಇಂಗುಗುಂಡಿಯನ್ನು ಆ ಗೋಡೆಯ ನೆತ್ತಿಯ ಮೇಲೆ ಮಾತ್ರ ತೋಡಿಸಬೇಡಿ.